ಹೊರ್ಮುಜ್‌ನ ಸುದ್ದಿ, ಲಿಂಗದಹಳ್ಳಿಯ ಲಾಟು

ಕಚ್ಚಾ ತೈಲದ ಅಲ್ಪಾವಧಿ ವಹಿವಾಟು, ಅಂದರೆ ಕೆಲವು ನಿಮಿಷಗಳಿಂದ ಕೆಲವು ದಿನಗಳೊಳಗೆ ಕೊಂಡು ಮಾರಿ ಬೆಲೆಯ ಅಂತರವನ್ನು ಲಾಭವಾಗಿಸಿಕೊಳ್ಳುವ ವ್ಯವಹಾರ, ಬೇರೆ ಸರಕುಗಳ ವ್ಯವಹಾರಕ್ಕಿಂತ ಹೆಚ್ಚಾಗಿ ಸುದ್ದಿಗೆ ಕಿವಿಗೊಟ್ಟು ನಡೆಯುತ್ತದೆ. ಇದಕ್ಕೆ ಕಾರಣ ಭೂಗೋಳದಲ್ಲಿದೆ: 2024ರಲ್ಲಿ ಜಗತ್ತು ಬಳಸಿದ ತೈಲದಲ್ಲಿ ಐದನೆಯ ಒಂದು ಪಾಲಿನಷ್ಟು, ಅಂದರೆ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್, ಇರಾನ್ ಮತ್ತು ಒಮಾನ್‌ಗಳ ನಡುವಿನ ಕಿರಿದಾದ ಹೊರ್ಮುಜ್ ಜಲಸಂಧಿಯ ಮೂಲಕವೇ ಹಾದುಹೋಯಿತು. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಆ ಜಲಸಂಧಿಯ ಆಸುಪಾಸಿನಲ್ಲಿ ಒಂದು ಕ್ಷಿಪಣಿ ಹಾರಿದರೂ ಬೆಲೆ ಅಲುಗುವುದು ಸಹಜ. ಆದರೆ ಅದು ಯಾವ ದಿಕ್ಕಿಗೆ, ಯಾವ ಹೊತ್ತಿನಲ್ಲಿ ಅಲುಗುತ್ತದೆ ಎಂಬುದು ಸುದ್ದಿ ಕೇಳಿದವನಿಗೆ ತೋರುವಷ್ಟು ಸರಳವಾದ ಸಂಗತಿಯಲ್ಲ.

ಭಾರತದ ಸಾಮಾನ್ಯ ಹೂಡಿಕೆದಾರನಿಗೆ ಈ ವಹಿವಾಟಿನ ಬಾಗಿಲು ಮುಂಬಯಿಯ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜ್, ವಾಡಿಕೆಯ ಮಾತಿನಲ್ಲಿ ಎಂಸಿಎಕ್ಸ್. ಇಲ್ಲಿ ಮಾರಾಟವಾಗುವುದು ಫ್ಯೂಚರ್ಸ್ ಕರಾರು, ಅಂದರೆ ಮುಂದಿನ ಒಂದು ನಿಗದಿತ ದಿನದ ಬೆಲೆಯ ಮೇಲೆ ಇಂದೇ ಮಾಡಿಕೊಳ್ಳುವ ಒಪ್ಪಂದ. ದೊಡ್ಡ ಕರಾರಿನ ಒಂದು ಲಾಟು, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಪ್ರಮಾಣ, 100 ಬ್ಯಾರೆಲ್, ಮಿನಿ ಕರಾರಿನದು 10 ಬ್ಯಾರೆಲ್. ತೈಲವನ್ನು ಯಾರೂ ಕಣ್ಣಾರೆ ಕಾಣುವುದಿಲ್ಲ. ಕರಾರು ಮುಗಿಯುವ ದಿನ ಅಮೆರಿಕದ ನೈಮೆಕ್ಸ್ ಪೇಟೆಯ ಬೆಲೆಯನ್ನು ರಿಸರ್ವ್ ಬ್ಯಾಂಕಿನ ಡಾಲರ್ ದರದಿಂದ ಗುಣಿಸಿ ಲೆಕ್ಕವನ್ನು ಹಣದಲ್ಲೇ ಚುಕ್ತಾ ಮಾಡಲಾಗುತ್ತದೆ. ಪೂರ್ಣ ಮೌಲ್ಯ ಕಟ್ಟಬೇಕಾಗಿಲ್ಲ, ಮಾರ್ಜಿನ್ ಎಂಬ ಮುಂಗಡ ಸಾಕು ಎಂಬುದೇ ಇದರ ಆಕರ್ಷಣೆ, ಇದರ ಉರುಳೂ ಅದೇ.

ಅಶಾಂತಿಯ ಸುದ್ದಿಗೆ ಬೆಲೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದಕ್ಕೆ 2019ರ ಸೆಪ್ಟೆಂಬರ್ ಒಳ್ಳೆಯ ಪಾಠ. ಆ ತಿಂಗಳ 14ರ ಶನಿವಾರ ಸೌದಿ ಅರೇಬಿಯಾದ ಅಬ್ಕೈಕ್ ಮತ್ತು ಖುರೈಸ್ ತೈಲ ನೆಲೆಗಳ ಮೇಲೆ ದಾಳಿ ನಡೆದು ದಿನಕ್ಕೆ 57 ಲಕ್ಷ ಬ್ಯಾರೆಲ್‌ಗಳಷ್ಟು ಉತ್ಪಾದನೆ ನಿಂತಾಗ ಪೇಟೆಗಳು ಮುಚ್ಚಿದ್ದವು. ಸೋಮವಾರ ಪೇಟೆ ಮತ್ತೆ ತೆರೆದಾಗ ಜಾಗತಿಕ ಬೆಲೆಯ ಅಳತೆಗೋಲಾದ ಬ್ರೆಂಟ್ ತೈಲದ ಬೆಲೆ ಒಂದೇ ನೆಗೆತಕ್ಕೆ ಶೇ 20ರ ಸಮೀಪ ಏರಿತು. ಹೀಗೆ ಮುಚ್ಚಿದ ಬೆಲೆಗೂ ತೆರೆದ ಬೆಲೆಗೂ ನಡುವೆ ಬೀಳುವ ಕಂದಕವನ್ನು ವ್ಯಾಪಾರಿಗಳು ಗ್ಯಾಪ್ ಎನ್ನುತ್ತಾರೆ. ನಷ್ಟ ಒಂದು ಮಿತಿ ಮುಟ್ಟಿದೊಡನೆ ತಾನಾಗಿ ಹೊರಬರಲೆಂದು ಹಾಕಿಡುವ ಸ್ಟಾಪ್‌ಲಾಸ್ ಆದೇಶ ಆ ಕಂದಕದಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನಡುವಿನ ಬೆಲೆಯಲ್ಲಿ ಕೊಳ್ಳುವವನೂ ಇಲ್ಲ, ಮಾರುವವನೂ ಇಲ್ಲ. ಮಂಗಳವಾರವೇ ಸೌದಿ ಸಚಿವರು ತಿಂಗಳ ಕೊನೆಯೊಳಗೆ ಉತ್ಪಾದನೆ ಮರಳುತ್ತದೆ ಎಂದಾಗ ಬೆಲೆ ಶೇ 6ರಷ್ಟು ಕುಸಿಯಿತು. ಸೋಮವಾರ ಗಾಬರಿಯಿಂದ ಕೊಂಡವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂಕಣಕಾರನ ಲೆಕ್ಕದ ಪುಸ್ತಕದಲ್ಲಿ ಇದಕ್ಕಿಂತ ಸಣ್ಣ, ಆದರೆ ಹೆಚ್ಚು ನಾಚಿಕೆಯ ದಾಖಲೆಯೊಂದಿದೆ. 2025ರ ಜೂನ್ 13ರಂದು ಇಸ್ರೇಲ್ ಇರಾನ್‌ನ ಮೇಲೆ ದಾಳಿ ಆರಂಭಿಸಿದಾಗ ತೈಲ ಒಂದೇ ದಿನ ಶೇ 7ರಷ್ಟು ಏರಿತ್ತು. 22ರಂದು ಅಮೆರಿಕ ಫೋರ್ಡೋ ಸೇರಿದಂತೆ ಮೂರು ಅಣು ನೆಲೆಗಳ ಮೇಲೆ ಬಾಂಬ್ ಹಾಕಿತು, ಜಲಸಂಧಿಯನ್ನು ಮುಚ್ಚುವ ಮಾತು ಇರಾನ್‌ನ ಸಂಸತ್ತಿನಲ್ಲೇ ಕೇಳಿಬಂತು. ಮರುದಿನ, ಸೋಮವಾರ ರಾತ್ರಿ ಹತ್ತು ದಾಟುವ ಹೊತ್ತಿಗೆ, ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ವಾಯುನೆಲೆಯತ್ತ ಇರಾನ್ ಕ್ಷಿಪಣಿ ಹಾರಿಸಿದ ಸುದ್ದಿ ತರೀಕೆರೆ ಸೀಮೆಯ ಲಿಂಗದಹಳ್ಳಿಯ ಮನೆಯ ಟಿವಿಯಲ್ಲಿ ಬಂದಾಗ, ಇನ್ನು ತೈಲ ಏರದೆ ಗತಿಯಿಲ್ಲ ಎಂಬ ತರ್ಕದಿಂದ ಅಂಕಣಕಾರ ಮಿನಿಯ ಒಂದು ಲಾಟು ಕೊಂಡನು. ಅದಕ್ಕೆ ಕಟ್ಟಿದ ಮಾರ್ಜಿನ್, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಲೆಂದು ತೆಗೆದಿಟ್ಟ ಹಣ. ಬೆಲೆ ಏರಲಿಲ್ಲ, ಬಿದ್ದಿತು. ಮುಂಗಾರಿನ ಮಳೆಗೆ ಕರೆಂಟ್ ಹೋಗಿ ಮೊಬೈಲ್ ಸಂಪರ್ಕವೂ ತಡವರಿಸುತ್ತಿದ್ದುದರಿಂದ ಹೊರಬರಲು ಇಪ್ಪತ್ತು ನಿಮಿಷ ಹಿಡಿದು, ಬ್ಯಾರೆಲ್‌ಗೆ 214 ರೂಪಾಯಿಯಂತೆ 2,140 ರೂಪಾಯಿ ಕೈಬಿಟ್ಟಿತು. ದೊಡ್ಡ ಲಾಟಾಗಿದ್ದರೆ ಅದೇ ತಪ್ಪಿಗೆ 21,400 ರೂಪಾಯಿ.

ಮಳೆಯನ್ನು ದೂರುವುದು ಸುಲಭವಾದರೂ ತಪ್ಪು ತರ್ಕದಲ್ಲೇ ಇತ್ತು. ಹತ್ತು ದಿನಗಳಿಂದ ಪೇಟೆ ಇದಕ್ಕಿಂತ ಭೀಕರವಾದುದನ್ನು, ಅಂದರೆ ಜಲಸಂಧಿ ಮುಚ್ಚುವುದನ್ನು, ಊಹಿಸಿಕೊಂಡು ಅದಕ್ಕಾಗಿ ರಿಸ್ಕ್ ಪ್ರೀಮಿಯಂ ಎಂಬ ಭಯದ ಹೆಚ್ಚುವರಿ ಬೆಲೆಯನ್ನು ಆಗಲೇ ಸೇರಿಸಿಕೊಂಡಿತ್ತು. ಇರಾನ್ ತೈಲ ಹಡಗುಗಳನ್ನು ಮುಟ್ಟದೆ, ಮುನ್ಸೂಚನೆ ಕೊಟ್ಟು ಒಂದು ಸೇನಾ ನೆಲೆಯತ್ತ ಕ್ಷಿಪಣಿ ಹಾರಿಸಿದ್ದನ್ನು ನುರಿತವರು ಜಗಳ ಮುಗಿಸುವ ಸನ್ನೆಯಾಗಿ ಓದಿದರು, ಹೆಚ್ಚುವರಿ ಬೆಲೆ ಕರಗಿತು. ಆ ದಿನ ಬ್ರೆಂಟ್ ಶೇ 7ರಷ್ಟು ಇಳಿದು ಮುಗಿಯಿತು, ಮರುದಿನ ಕದನ ವಿರಾಮದ ಸುದ್ದಿಗೆ ಮತ್ತೆ ಶೇ 6ರಷ್ಟು ಇಳಿಯಿತು. ಟಿವಿಯವರು ಯುದ್ಧವನ್ನು ನೋಡುತ್ತಿದ್ದರು, ಪೇಟೆ ಹಡಗುಗಳನ್ನು ನೋಡುತ್ತಿತ್ತು.

ಅಡಿಕೆ ಬೆಳೆಯುವ ಈ ಸೀಮೆಯವರಿಗೆ ಸುದ್ದಿಯಿಂದ ಬೆಲೆ ಅಲುಗುವುದು ಹೊಸದೇನಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟಾಗ ತರೀಕೆರೆಯ ಸುತ್ತಲೂ ಆತಂಕವಿತ್ತು. ಆದರೆ ಅಡಿಕೆಯಲ್ಲಿ ಬೆಳೆಗಾರನಿಗೆ ಒಂದು ಅನುಕೂಲವಿದೆ: ಬೆಲೆ ಹಿಡಿಸದಿದ್ದರೆ ರಾಶಿಯನ್ನು ಚೀಲದಲ್ಲಿ ತುಂಬಿ ಅಟ್ಟದ ಮೇಲಿಟ್ಟು ಸುದ್ದಿ ಹಳತಾಗುವವರೆಗೆ ಕಾಯಬಹುದು. ಫ್ಯೂಚರ್ಸ್ ಕರಾರಿಗೆ ಅಟ್ಟವಿಲ್ಲ. ಪ್ರತಿದಿನದ ನಷ್ಟವನ್ನು ಆ ದಿನವೇ ತುಂಬಬೇಕು, ಮತ್ತು ಪ್ರತಿ ತಿಂಗಳ ಕರಾರಿಗೂ ಮುಕ್ತಾಯದ ದಿನವೊಂದಿದೆ. ಅಂತಹ ಒಂದು ದಿನ, 2020ರ ಏಪ್ರಿಲ್ 20ರಂದು, ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ ಐದಕ್ಕೇ ಮುಚ್ಚಿತ್ತು. ಆಗಿನ ಬೆಲೆ ಸುಮಾರು 965 ರೂಪಾಯಿ. ರಾತ್ರಿ ಅಮೆರಿಕದಲ್ಲಿ ತೈಲ ತುಂಬಿಡಲು ಜಾಗವಿಲ್ಲದೆ ಬೆಲೆ ಶೂನ್ಯಕ್ಕಿಂತ ಕೆಳಗೆ, ಮೈನಸ್ 37.63 ಡಾಲರಿಗೆ ಇಳಿದಾಗ, ಇಲ್ಲಿನ ಚುಕ್ತಾ ಬೆಲೆ ಮೈನಸ್ 2,884 ರೂಪಾಯಿ ಎಂದು ನಿಗದಿಯಾಯಿತು. ಸಂಜೆ ಒಂದು ದೊಡ್ಡ ಲಾಟು ಕೊಂಡು ನಿಶ್ಚಿಂತೆಯಿಂದ ಮಲಗಿದವನು ಬೆಳಗಾಗುವಷ್ಟರಲ್ಲಿ ಸುಮಾರು 3 ಲಕ್ಷ 85 ಸಾವಿರ ರೂಪಾಯಿ ಸಾಲಗಾರನಾಗಿದ್ದನು. ದಲ್ಲಾಳಿ ಸಂಸ್ಥೆಗಳೇ ನ್ಯಾಯಾಲಯದ ಮೆಟ್ಟಿಲೇರಿದವು.

ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಮೂರು ವರ್ಷಗಳ ಅವಧಿಯಲ್ಲಿ ವಹಿವಾಟು ನಡೆಸಿದ ಬಿಡಿ ವ್ಯಾಪಾರಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟವನ್ನೇ ಕಂಡರೆಂದು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ವರದಿ ಮಾಡಿದೆ. ಆ ಲೆಕ್ಕ ತೈಲದ್ದಲ್ಲ, ಆದರೂ ತೈಲದಲ್ಲಿ ಸುದ್ದಿ ಹಿಡಿದು ಓಡುವವನ ಪಾಡು ಅದಕ್ಕಿಂತ ಮೇಲು ಎಂದು ನಂಬಲು ಕಾರಣವಿಲ್ಲ. ಇಷ್ಟಾದರೂ ಕುತೂಹಲ ಬಿಡದವರು ಮಿನಿಯನ್ನು ಮೀರಬಾರದು, ಔಷಧಿ ಗೊಬ್ಬರದ ಹಣವನ್ನು ಮುಟ್ಟಬಾರದು, ಶುಕ್ರವಾರ ರಾತ್ರಿ ತೆರೆದ ಲಾಟನ್ನು ಇಟ್ಟುಕೊಂಡು ಮಲಗಬಾರದು. ಯುದ್ಧಗಳು ಪೇಟೆಯ ಹೊತ್ತು ನೋಡಿ ಶುರುವಾಗುವುದಿಲ್ಲ.

ಟ್ರ್ಯಾಕ್ಟರ್, ಪಂಪ್‌ಸೆಟ್‌ಗಳ ಡೀಸೆಲ್ ಖರ್ಚಿಗೆ ಈ ವಹಿವಾಟು ರಕ್ಷಣೆಯಾಗುತ್ತದೆ ಎಂಬ ವಾದವೂ ನಿಲ್ಲದು. ಕರ್ನಾಟಕದ ಡೀಸೆಲ್ 2025ರಲ್ಲಿ ಲೀಟರ್‌ಗೆ ಎರಡು ರೂಪಾಯಿ ಏರಿದ್ದು ಏಪ್ರಿಲ್ 1ರಂದು, ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ. ಕ್ಷಿಪಣಿಗಳು ಹಾರಾಡಿದ ಜೂನ್‌ನ ಆ ಹನ್ನೆರಡು ದಿನಗಳಲ್ಲಿ ಬಂಕಿನ ಬೆಲೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ.