‘ಶರಪಂಜರ’ವನ್ನು ಎರಡನೆಯ ಸಲ ಓದುವ ಬಗೆ

ತ್ರಿವೇಣಿಯವರ ‘ಶರಪಂಜರ’ವನ್ನು ಹರೆಯದಲ್ಲಿ ಒಂದೇ ರಾತ್ರಿಗೆ ಓದಿ ಮುಗಿಸಿ, ಬೆಳಗಿನ ಕಾಫಿಗೆ ಕೆಂಗಣ್ಣಿನಿಂದ ಬಂದು ಕುಳಿತವರು ನಮ್ಮಲ್ಲಿ ವಿರಳರಲ್ಲ, ಆದರೆ ಅದೇ ಕಾದಂಬರಿಯನ್ನು ನಡುವಯಸ್ಸಿನಲ್ಲಿ ಮರಳಿ ಕೈಗೆತ್ತಿಕೊಂಡು, ಅಂದಿನ ಕಣ್ಣೀರನ್ನೇ ಅರಸಿ ಹೊರಟವರು ಕೃತಿಯ ಉತ್ತರಾರ್ಧವನ್ನು ಕಳೆದುಕೊಳ್ಳುವರೆಂದು ಸ್ವಾನುಭವದಿಂದ ಹೇಳಬಲ್ಲೆನು.

ಪುಸ್ತಕವನ್ನು ತೆರೆಯುವ ಮುನ್ನ, ನೆನಪಿನಲ್ಲುಳಿದ ಕಥೆಯನ್ನು ಚೀಟಿಯೊಂದರಲ್ಲಿ ಹತ್ತು ಸಾಲಿಗೆ ಮೀರದಂತೆ ಬರೆದಿಡತಕ್ಕದ್ದು. ನಾನು ಬರೆದ ಹತ್ತರಲ್ಲಿ ಆರು ಸಾಲು ಪುಟ್ಟಣ್ಣ ಕಣಗಾಲರ 1971ರ ಚಲನಚಿತ್ರಕ್ಕೆ ಸೇರಿದ್ದವು. ಕಾದಂಬರಿಯ ನಾಯಕಿ ಕಾವೇರಿಯದೆಂದು ಇಷ್ಟು ವರ್ಷ ನಂಬಿದ್ದ ಮುಖವು ನಟಿ ಕಲ್ಪನಾ ಅವರದಾಗಿತ್ತು. ಚಿತ್ರವನ್ನು ನೋಡುವುದಿದ್ದರೆ ಓದು ಮುಗಿದ ಮೇಲೆ ನೋಡಿ.

ಬಳಿಕ ಹೆರಿಗೆಯ ನಂತರ ಕಾವೇರಿಗೆ ತಗಲುವ ರೋಗದ ಸ್ವರೂಪವನ್ನು ಅಷ್ಟಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಬಾಣಂತಿಯರನ್ನು ಕಾಡುವ ಈ ತೀವ್ರ ಚಿತ್ತವಿಕಾರವು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದು. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ತಲೆದೋರುವುದು. ತಡಮಾಡದೆ ಚಿಕಿತ್ಸೆ ದೊರೆತರೆ ಬಹುಮಟ್ಟಿಗೆ ಗುಣವಾಗುವುದು. ಮನಶ್ಶಾಸ್ತ್ರವನ್ನು ಕ್ರಮವಾಗಿ ವ್ಯಾಸಂಗ ಮಾಡಿದ್ದ ಲೇಖಕಿ ಇದನ್ನು ಶಾಪವೆಂದಾಗಲಿ ಗ್ರಹಚಾರವೆಂದಾಗಲಿ ಬರೆಯಲಿಲ್ಲ. ಅವರೇ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರೆಂಬುದನ್ನು ಬಲ್ಲವರಿಗೆ ಬಾಣಂತಿಕೋಣೆಯ ಪ್ರಸಂಗಗಳು ಇನ್ನೊಂದು ಭಾರದಿಂದ ತಟ್ಟುವುವು.

ಪೂರ್ವಾರ್ಧವನ್ನು ಬೇಗನೆ ಓದಿದರೆ ಬಾಧಕವಿಲ್ಲ. ಕಾವೇರಿಯು ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಮೇಲಿನ ಪುಟಗಳನ್ನು ಮಾತ್ರ ದಿನಕ್ಕೆ ಒಂದು ಅಧ್ಯಾಯದಂತೆ, ಸಾಧ್ಯವಾದರೆ ಹಗಲಿನಲ್ಲಿಯೇ, ಓದಬೇಕು. ಶೀರ್ಷಿಕೆಯು ಭೀಷ್ಮರ ಶರಶಯ್ಯೆಯಲ್ಲ, ಪಂಜರವೆಂಬುದನ್ನು ಗಮನಿಸಿ: ಇಲ್ಲಿ ಬಾಣಗಳು ಮೈಗೆ ನಾಟಬೇಕೆಂಬ ನಿಯಮವಿಲ್ಲ, ಸುತ್ತಲೂ ನೆಟ್ಟು ನಿಂತರೆ ಸಾಕು. ಕೈಯಲ್ಲೊಂದು ಪೆನ್ಸಿಲು ಹಿಡಿದು, ಆರೋಗ್ಯವಂತೆಯಾದ ಬೇರೊಬ್ಬ ಹೆಂಗಸಿಗೆ ಯಾರೂ ಆಡದಂಥ ಮಾತನ್ನು ಗಂಡನೋ ನೆರೆಯವರೋ ಆಡಿದಲ್ಲೆಲ್ಲ ಅಂಚಿನಲ್ಲಿ ಗೀಟೆಳೆಯಿರಿ. ಮಾತಿಲ್ಲದೆ ದೂರ ಸರಿದರೂ ಒಂದು ಗೀಟು.

ಮನೆಯಲ್ಲಿ ಹಸಿಬಾಣಂತಿ ಇದ್ದರೆ ಈ ಪುಸ್ತಕವನ್ನು ಅವಳ ಕೈಗೆ ಸದ್ಯಕ್ಕೆ ಕೊಡಬೇಡಿ. ಓದುವಾಗ ನಿದ್ದೆ ಕೆಟ್ಟರೆ, ಹಳೆಯ ನೋವು ಮರುಕಳಿಸಿದರೆ, ಪುಸ್ತಕವನ್ನು ಅಲ್ಲಿಗೇ ನಿಲ್ಲಿಸಿ ನಂಬಿಕೆಯ ಒಬ್ಬರೊಡನೆ ಮಾತಾಡಿ; ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿಮಾನಸ್‌ನ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಕಾದಂಬರಿಯು ಕಾವೇರಿಯನ್ನು ಸುಖವಾಗಿ ದಡ ಸೇರಿಸುವುದಿಲ್ಲವಾದ್ದರಿಂದ ಈ ಎಚ್ಚರವು ಅನವಶ್ಯವಲ್ಲ.

ನನ್ನ ಹಳೆಯ ಪ್ರತಿ, ಕಂದು ಕಾಗದದ ಹೊದಿಕೆ ಹರಿದದ್ದು. ಇಪ್ಪತ್ತರ ವಯಸ್ಸಿನಲ್ಲಿ ಪೂರ್ವಾರ್ಧದ ಅಂಚುಗಳಲ್ಲಿ ಏಳು ಕಡೆ ‘ಅಯ್ಯೋ ಪಾಪ’ ಎಂದು ಬರೆದಿದ್ದೆ; ಉತ್ತರಾರ್ಧದ ಅಂಚುಗಳು ಬೆಳ್ಳಗಿದ್ದವು. ಈ ಸಲ ಅಲ್ಲಿ ಪೆನ್ಸಿಲನ್ನು ಎರಡು ಬಾರಿ ಹೆರೆಯಬೇಕಾಯಿತು. ಆ ಗೀಟುಗಳ ನಡುವೆ ನನ್ನದೇ ಮಾತೊಂದು ನೆನಪಿಗೆ ಬಂದಿತು: ಚಿಕಿತ್ಸೆ ಮುಗಿಸಿ ಬಂದಿದ್ದ ನಮ್ಮ ಚಿಕ್ಕಮ್ಮ ಯಾವುದೋ ಹಾಸ್ಯಕ್ಕೆ ಜೋರಾಗಿ ನಕ್ಕಾಗ, ಪಂಕ್ತಿಯಲ್ಲಿ ಎಲ್ಲರೆದುರಿಗೆ, ‘ಮಾತ್ರೆ ತೊಗೊಂಡ್ಯಾ ಚಿಕ್ಕಮ್ಮ?’ ಎಂದು ಕೇಳಿದ್ದೆ. ಪುಸ್ತಕವನ್ನು ಮಗುಚಿಟ್ಟು ಅವಳಿಗೆ ಫೋನು ಮಾಡಿದೆ. ಹಪ್ಪಳ ಒತ್ತುತ್ತಿದ್ದಾಳಂತೆ, ಕೈಯೆಲ್ಲ ಎಣ್ಣೆ, ಸಂಜೆ ಮಾಡು ಎಂದಳು.