ಮೊಬೈಲಿನಲ್ಲೇ ಎಂ.ಎಸ್ಸಿ. ನರ್ಸಿಂಗ್ ಆಗುತ್ತದೆಯೇ?

ಹಾನಗಲ್ಲಿನ ಸಹೋದರಿಗೆ,

ರಾತ್ರಿ ಪಾಳಿ ಮುಗಿಸಿ ಬಂದು, ಮಕ್ಕಳನ್ನು ಶಾಲೆಗೆ ಕಳಿಸಿ ಓದಲು ಕೂರುತ್ತೇನೆ ಎಂದು ಬರೆದಿದ್ದೀರಿ. ಆ ಹಟ ಇರಲಿ. ಆದರೆ ಏಜೆಂಟರು ಹೇಳಿದ ‘ಮನೆಯಲ್ಲೇ ಎಂ.ಎಸ್ಸಿ.’ಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಯುಜಿಸಿಯ 2020ರ ನಿಯಮಗಳಡಿ ನರ್ಸಿಂಗ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡುವಂತಿಲ್ಲ. ಅಂಥ ಪ್ರಮಾಣಪತ್ರ ತೋರಿಸಿದರೆ ಬಡ್ತಿಯೂ ಸಿಗದು, ಬೋಧಕಿಯ ಕೆಲಸವೂ ಸಿಗದು. ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಏಜೆಂಟರು ತಾಲ್ಲೂಕು ತಾಲ್ಲೂಕು ಸುತ್ತುತ್ತಿರುವಂತಿದೆ!

ನಿಯಮ ಕಠಿಣ ಅನ್ನಿಸಬಹುದು. ಆದರೆ ಹೆರಿಗೆ ಕೋಣೆಯ ಕೆಲಸ ಕೈಯಿಂದಲೇ ಕಲಿಯಬೇಕಾದ್ದು, ಅದು ನಿಮಗೇ ಗೊತ್ತು.

ಜಿಎನ್ಎಂ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದ್ದೀರಿ. ಹಾಗಾಗಿ ಶೇ 55 ಅಂಕ, ಒಂದು ವರ್ಷದ ಅನುಭವ ಮತ್ತು ನೋಂದಣಿ ಇದ್ದರೆ 2 ವರ್ಷದ ರೆಗ್ಯುಲರ್ ಎಂ.ಎಸ್ಸಿ.ಗೆ ಅರ್ಜಿ ಹಾಕಬಹುದು. ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ, ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿದೆಯೇ ಎಂಬುದನ್ನು ನೀವೇ ನೋಡಿ. ಕಾಲೇಜಿನವರ ಮಾತು ಸಾಲದು.

ಸರ್ಕಾರಿ ನೌಕರಿ ಬಿಡುವ ಯೋಚನೆ ಮಾತ್ರ ಬೇಡ. ಅಧ್ಯಯನ ರಜೆ, ನಿಯೋಜನೆಯ ಬಗ್ಗೆ ಹಾವೇರಿಯ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಕಾಗದ ಓಡಾಡುವಷ್ಟರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನಲ್ಲಿ (SWAYAM) ಸಂಖ್ಯಾಶಾಸ್ತ್ರ ಕಲಿಯಿರಿ. ಎಂ.ಎಸ್ಸಿ. ಪ್ರಬಂಧದಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ, ಮತ್ತು ಅದಕ್ಕೆ ಮೊಬೈಲ್ ಸಾಕು.