ಕೋಳಿಗೂಡಿಗೆ ನರಿ ಬಂದರೆ

ಭತ್ತದ ಕೊಯ್ಲು ಮುಗಿದು ಗದ್ದೆ ಬಯಲಾದ ಮೇಲೆ ಸಾವರ್ಡೆ, ಕುಡಚಡೆ, ಸಾಂಗೆ ಕಡೆಯಲ್ಲಿ ಸಂಜೆಯಾದರೆ ನರಿಗಳ ಊಳು ಕೇಳಿಸುತ್ತದೆ. ಕೊಂಕಣಿಯವರು ಕೋಲೊ ಎಂದು ಕರೆಯುವ ಈ ಪ್ರಾಣಿ ಕೋಳಿಗೂಡಿಗೆ ನುಗ್ಗಿದಾಗ, ಆಡಿನ ಮರಿಯನ್ನು ಹೊತ್ತೊಯ್ದಾಗ ನಮ್ಮಲ್ಲಿ ಒಂದು ಮಾತು ಬರುತ್ತದೆ: "ನಮ್ಮ ಜಾಗಕ್ಕೆ ಬಂದದ್ದನ್ನು ನಾವು ಹೊಡೆದರೆ ಕೇಳುವವರು ಯಾರು?" ಕೇಳುವವರು ಇದ್ದಾರೆ. ಜಾಗ ನಮ್ಮ ಹೆಸರಿನಲ್ಲಿದ್ದರೂ ಅದರಲ್ಲಿ ಓಡಾಡುವ ಕಾಡುಪ್ರಾಣಿ ನಮ್ಮದಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ರೈತರು ನರಿಯಂಥ ಕಯೋಟಿಯನ್ನು ತಮ್ಮ ಜಮೀನಿನಲ್ಲಿ ಗುಂಡಿಟ್ಟು ಕೊಲ್ಲಬಹುದು. ನಮ್ಮಲ್ಲಿ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಬಂದೂಕು ಮಾತ್ರವಲ್ಲ. ಉರುಳು ಹಾಕುವುದು, ಬೋನು ಇಡುವುದು, ವಿಷ ಉಣಿಸುವುದು, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. 2022ರ ತಿದ್ದುಪಡಿಯಿಂದ ನರಿಯನ್ನು ಒಂದನೇ ಅನುಸೂಚಿಗೆ, ಅಂದರೆ ಹುಲಿ ಮತ್ತು ಕಾಡುಕೋಣಗಳ ಸಾಲಿಗೆ ಸೇರಿಸಲಾಯಿತು. ಅದನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ನಾಲ್ಕು ಕೋಳಿಗಾಗಿ ಇಷ್ಟು ಬೆಲೆ ತೆರಬೇಕೇ?

ಕೋಳಿ ಹಿಡಿಯಿತೆಂಬ ಕಾರಣಕ್ಕೆ ನರಿಯನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಅದು ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಇಲ್ಲವೇ ವಾಸಿಯಾಗದ ರೋಗ ಅಥವಾ ಗಾಯ ಅದಕ್ಕಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಆದೇಶ ಕೊಡಬಹುದು. ಕಾಡುಹಂದಿಯ ವಿಷಯ ಸ್ವಲ್ಪ ಬೇರೆ. ಅದು ಎರಡನೇ ಅನುಸೂಚಿಯಲ್ಲಿರುವುದರಿಂದ ನಿಂತ ಬೆಳೆಗೆ ಹಾನಿ ಮಾಡಿದರೂ ಅನುಮತಿ ಕೇಳಬಹುದು. ಕೇರಳದಲ್ಲಿ 2022ರಲ್ಲಿ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ವಹಿಸಲಾಯಿತು. ಅನುಮತಿ ಪಡೆದು ಕೊಂದ ಹಂದಿಯೂ ಸರ್ಕಾರದ ಸ್ವತ್ತು. ಮಾಂಸ ಮನೆಗೆ ತರುವಂತಿಲ್ಲ.

ಬೆಳೆ ಕಾಯುವ ಬಂದೂಕಿನ ಪರವಾನಗಿಯನ್ನು ಬೇಟೆಯ ಅನುಮತಿ ಎಂದು ನಂಬಿದವರು ನಮ್ಮಲ್ಲಿ ಇದ್ದಾರೆ. ಎರಡೂ ಬೇರೆ ಬೇರೆ. ನೇತ್ರಾವಳಿಯಂಥ ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ವಾಸಿಸುವವರು ತಮ್ಮ ಬಂದೂಕನ್ನು ವನ್ಯಜೀವಿ ಅಧಿಕಾರಿಗಳಲ್ಲಿಯೂ ನೋಂದಾಯಿಸಬೇಕು. ಮೇಲೆರಗಿದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ ನಿಜ, ಆದರೆ ಉರುಳು ಹಾಕಲು ಹೋದವನಿಗೆ ಆ ರಕ್ಷಣೆ ಇಲ್ಲ.

ವಿಷದ ಮಾತಂತೂ ಬೇಡವೇ ಬೇಡ. 2020ರ ಜನವರಿಯಲ್ಲಿ ಸತ್ತರಿಯ ಗೊಳಾವಳಿಯಲ್ಲಿ ಒಂದು ಹೆಣ್ಣು ಹುಲಿ, ಅದರ ಮೂರು ಮರಿಗಳು ಸತ್ತು ಬಿದ್ದಿದ್ದವು. ದನವನ್ನು ಕಳೆದುಕೊಂಡವರ ಸಿಟ್ಟು ವಿಷವಾಗಿತ್ತು. ಬಂಧನವೂ ಆಯಿತು. ವಿಷಕ್ಕೆ ಹುಲಿ, ನರಿ, ನಾಯಿ, ಹದ್ದು ಎಂಬ ಭೇದವಿಲ್ಲ. ಬೇಲಿಗೆ ನೇರ ಕರೆಂಟು ಕೊಡುವುದೂ ಹಾಗೆಯೇ. ಹುಲ್ಲು ಕೊಯ್ಯಲು ಬಂದ ನೆರೆಮನೆಯವರೇ ಸಾಯಬಹುದು. ಸೌರ ಬೇಲಿಯ ಸಹಾಯಧನದ ಬಗ್ಗೆ ವಲಯ ಕೃಷಿ ಕಚೇರಿಯಲ್ಲಿ ವಿಚಾರಿಸಿ.

ನರಿಯನ್ನು ಮನೆಗೆ ಕರೆಯುವುದು ಹೆಚ್ಚಾಗಿ ನಾವೇ. ಕೋಳಿಯ ಕರುಳು, ಮೀನಿನ ತಲೆ, ಸತ್ತ ಕರುವನ್ನು ಗದ್ದೆಯ ಅಂಚಿಗೆ ಎಸೆಯುತ್ತೇವೆ. ಅವನ್ನು ಆಳವಾಗಿ ಹೂಳಬೇಕು. ನರಿ ನೆಲ ತೋಡಿ ಒಳಗೆ ಬರುವ ಪ್ರಾಣಿ, ಆದ್ದರಿಂದ ಗೂಡಿನ ಗಟ್ಟಿ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಇಳಿಸಿ, ಹೊರಗಡೆಗೆ ಮಡಚಿ ಕಲ್ಲು ಹೇರಿ. ಕತ್ತಲಾಗುವ ಮೊದಲೇ ಕೋಳಿ, ಆಡಿನ ಮರಿಗಳನ್ನು ಒಳಗೆ ಸೇರಿಸಿ ಬಾಗಿಲಿಗೆ ಅಗಳಿ ಹಾಕಿ. ಇಷ್ಟಾದರೆ ಗದ್ದೆಯ ಇಲಿ, ಹೆಗ್ಗಣ ಹಿಡಿದು ತಿನ್ನುವ ನರಿಯಿಂದ ನಮಗೆ ಲಾಭವೇ ಹೆಚ್ಚು. ಆದರೂ ಜಾನುವಾರು ಸತ್ತರೆ ಜಾಗ ಕೆದಕದೆ ಫೋಟೊ ತೆಗೆದು, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಿ.

ಹಾಡುಹಗಲೇ ಅಂಜಿಕೆಯಿಲ್ಲದೆ ಅಂಗಳಕ್ಕೆ ಬರುವ, ತೂರಾಡುವ, ಸಿಕ್ಕಿದ್ದನ್ನು ಕಚ್ಚುವ ನರಿಗೆ ಹುಚ್ಚು ರೋಗ ಇರಬಹುದು. ಮಕ್ಕಳನ್ನು ಒಳಗೆ ಕರೆದು ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನ ಪುಡಿ ಹಚ್ಚಬೇಡಿ. ನರಿ ಸಾಯುವುದೋ ನೋಡೋಣ ಎಂದು ಕಾಯದೆ ಅದೇ ದಿನ ಕುಡಚಡೆಯ ಆರೋಗ್ಯ ಕೇಂದ್ರಕ್ಕೋ ಮಡಗಾಂವಿನ ಜಿಲ್ಲಾ ಆಸ್ಪತ್ರೆಗೋ ಹೋಗಿ. ಚುಚ್ಚುಮದ್ದಿನ ಎಲ್ಲಾ ಸರದಿಗಳನ್ನೂ ಪೂರೈಸಿ. ಗಾಯಕ್ಕೆ ಸೀರಂ ಬೇಕೇ ಎಂದು ವೈದ್ಯರನ್ನು ಕೇಳಿ. ಮನೆಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ.